ಪೌಂಡಿನ ಗುರುತಿದ್ದರೆ ಅದು ನ

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಒಂದೇ ಕಚೇರಿಯ ಒಂದೇ ಮೂಲೆಯಲ್ಲಿ ಕೂತು ಬೆರಳಚ್ಚು ಮಾಡಿದವಳು. ಆ ಮೂವತ್ತೊಂದು ವರ್ಷದಲ್ಲಿ ತನ್ನದು ಅಂತ ಒಂದೇ ಒಂದು ಪದವನ್ನೂ ಅವಳು ಟೈಪ್ ಮಾಡಲಿಲ್ಲ. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ, ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಸಾಹೇಬರು ತಪ್ಪು ಹೇಳಿದರೆ ತಪ್ಪನ್ನೇ ಟೈಪ್ ಮಾಡುತ್ತಿದ್ದಳು. ಒಮ್ಮೆ ಸಾಹೇಬರೊಬ್ಬರು ಪತ್ರ ಹೇಳಿ ಬರೆಸುವಾಗ ನಡುವೆ ಕಿಟಕಿಯ ಕಡೆ ತಿರುಗಿ "ಆ ನಾಯಿನ ಯಾರಾದ್ರೂ ಓಡಿಸಿ" ಅಂದರಂತೆ. ಪತ್ರದ ಎರಡನೇ ಪ್ಯಾರಾದ ಕೊನೆಯಲ್ಲಿ ಆ ನಾಯಿಯೂ ಹೋಗಿ ಕೂತಿತು, ಕೆಳಗೆ ಸಹಿಯೂ ಬಿತ್ತು, ಪತ್ರ ಅಂಚೆಗೂ ಹೋಯಿತು. ಸಾಹೇಬರು ಕೂಗಾಡಿದಾಗ ದೊಡ್ಡಮ್ಮ ಹೇಳಿದ್ದು ಇಷ್ಟೇ: "ಟೈಪಿಸ್ಟ್ ಕೆಲಸ ಕೇಳೋದು, ಹೊಡೆಯೋದು ಸಾರ್. ಯೋಚನೆ ಮಾಡೋದು ನಿಮ್ಮ ಕೆಲಸ."

ದೊಡ್ಡಪ್ಪ ಅದಕ್ಕೆ ತದ್ವಿರುದ್ಧ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಾಯಿ ತೆರೆದರೆ ನಿಲ್ಲಿಸುತ್ತಿರಲಿಲ್ಲ. ಊಟ ಮಾಡುವಾಗ, ಹಲ್ಲುಜ್ಜುವಾಗ, ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡ ಮೇಲೂ ಮಾತು. ಆದರೆ ಎಂಜಿನ್ನಿನ ಮುಂದೆ ನಿಂತರೆ ಮಾತ್ರ ಪೂರಾ ಮೌನ. ಬಾನೆಟ್ ಎತ್ತುವ ಮುಂಚೆಯೇ ಸದ್ದು ಕೇಳಿ ರೋಗ ಹೇಳುತ್ತಿದ್ದರು. ಡಿಪೋದಲ್ಲಿ ಅವರಿಗೆ ಕಿವಿ ಡಾಕ್ಟರ್ ಅಂತಲೇ ಹೆಸರು ಬಿದ್ದಿತ್ತು. ನಿಜವಾದ ಕಿವಿ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದದ್ದು ನಿವೃತ್ತಿಯಾಗಿ ನಾಲ್ಕು ವರ್ಷಕ್ಕೆ. ದನಿ ಒಡಕಾಗಿತ್ತು. ಆ ಡಾಕ್ಟರು ಕಿವಿ ಬಿಟ್ಟು ಗಂಟಲು ನೋಡಿದರು, ಇನ್ನೊಬ್ಬರಿಗೆ ಚೀಟಿ ಬರೆದರು, ಅವರು ಮತ್ತೊಬ್ಬರಿಗೆ. ಕೊನೆಗೆ ತೀರ್ಮಾನವಾದದ್ದು ಇದು: ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ಭಯವಿಲ್ಲ, ಮಾತು ಉಳಿಯುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಏಳು ವಾರ ಸಮಯವಿತ್ತು. ಆ ಏಳು ವಾರ ಪ್ರತಿದಿನ ಬೆಳಿಗ್ಗೆ ತಿಂಡಿಯಾದ ಮೇಲೆ ದೊಡ್ಡಪ್ಪ ಕುರ್ಚಿಯಲ್ಲಿ ಕೂತು ಹೇಳಿದರು, ದೊಡ್ಡಮ್ಮ ತನ್ನ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿದಳು. ಎಂಜಿನ್ನಿನ ಸದ್ದುಗಳ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ. ನೂರ ಹನ್ನೆರಡು ಪುಟ. "ಫೋನಲ್ಲಿ ರೆಕಾರ್ಡ್ ಮಾಡಿ ದೊಡ್ಡಪ್ಪ" ಅಂತ ನಾನು ಹೇಳಿದ್ದೆ. "ಈ ಒಡಕು ಗಂಟಲನ್ನ ಯಾಕೆ ಇಟ್ಕೋತೀಯ? ಮಾತು ಇರ್ಲಿ, ಸಾಕು" ಅಂದಿದ್ದರು. ಬ್ರೇಕಿನ ಅಧ್ಯಾಯ ಒಂದು ಉಳಿದುಹೋಯಿತು. ಅದು ಮುಗಿಯದೆ ಮುದ್ರಿಸುವುದಿಲ್ಲ ಅಂತ ದೊಡ್ಡಮ್ಮ ಹಟ ಹಿಡಿದಳು. ಹಾಗಾಗಿ ದೊಡ್ಡಪ್ಪನ ಮಾತು ಅಂತ ಈ ಲೋಕದಲ್ಲಿ ಉಳಿದದ್ದು ಆ ಕಂಪ್ಯೂಟರಿನೊಳಗೆ ಮಾತ್ರ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮಾತೆಲ್ಲ ಒಂದು ಸ್ಲೇಟು ಮತ್ತು ಬಳಪದಲ್ಲಿ ನಡೆಯುತ್ತಿತ್ತು. ಸ್ಲೇಟಿನಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಬರೆಯುತ್ತಿರಲಿಲ್ಲ. ಅಷ್ಟು ಮಾತಾಡುತ್ತಿದ್ದ ಮನುಷ್ಯ ಮಾತಿಗೆ ಹೀಗೆ ಜುಗ್ಗರಾಗಿಬಿಟ್ಟಿದ್ದರು.

ಇನ್ನು ಆ ಕಂಪ್ಯೂಟರು. ಕಚೇರಿಯವರು ಹೊಸದು ತರಿಸಿ ಹಳೆಯದನ್ನು ಹೊರಗೆ ಹಾಕುವಾಗ ದೊಡ್ಡಮ್ಮ ಕೇಳಿ ತಂದುಕೊಂಡದ್ದು. ಕೀಬೋರ್ಡಿನ ಮೇಲೆ ಒಂದು ಅಕ್ಷರವೂ ಕಾಣುತ್ತಿರಲಿಲ್ಲ, ಎಲ್ಲ ಅವಳ ಬೆರಳಿಗೇ ಸವೆದುಹೋಗಿದ್ದವು. ಎರಡು ವರ್ಷದಿಂದ ಅದು ಒಂದೇ ಸಮ ಕಾಡುತ್ತಿತ್ತು. ಸ್ವಿಚ್ ಒತ್ತಿ, ಬಟ್ಟೆ ಒಗೆದು, ಹಿಂಡಿ, ಒಣಹಾಕಿ ಬಂದರೆ ಆಗ ತಾನೇ ಕಣ್ಣು ಬಿಟ್ಟಿರುತ್ತಿತ್ತು. ಫೈಲು ತೆರೆಯಲು ಇನ್ನಷ್ಟು ಹೊತ್ತು. ಈಚೆಗೆ ಎರಡು ಸಲ ಒತ್ತಿದರೆ ಒಂದು ಸಲ ನೀಲಿ ಪರದೆ ತೋರಿಸಿ ಸುಮ್ಮನಾಗುತ್ತಿತ್ತು. ದೊಡ್ಡಮ್ಮ ಫೋನು ಮಾಡಿದಳು: "ಇದು ಪೂರ್ತಿ ಕೈಕೊಡೋಕೆ ಮುಂಚೆ ಏನಾದ್ರೂ ಮಾಡು. ಅದರಲ್ಲಿ ಅವರು ಇದ್ದಾರೆ."

ಅವಳು ನನ್ನನ್ನೇ ಕರೆಯಲು ಕಾರಣ ನನ್ನ ಬಡಾಯಿ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಮೂಲೆಗೆ ಬಿದ್ದಿದ್ದ ಆರು ಹಳೇ ಕಂಪ್ಯೂಟರುಗಳಿಗೆ ಒಳಗಿನ ವ್ಯವಸ್ಥೆ ಬದಲಿಸಿ ಹಗುರವಾದ ಲಿನಕ್ಸ್ ಹಾಕಿ ಎಬ್ಬಿಸಿ ನಿಲ್ಲಿಸಿದ್ದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಅಂತ ಹಂಚುವ ವ್ಯವಸ್ಥೆ ಅದು. ಸಣ್ಣದು, ಹೆಚ್ಚು ತಿನ್ನುವುದಿಲ್ಲ, ಹಳೇ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಈ ಆರು ಕಂಪ್ಯೂಟರಿನ ಕಥೆಯನ್ನು ನಾನು ನೆಂಟರಿಷ್ಟರಿಗೆಲ್ಲ ಎಷ್ಟು ಸಲ ಹೇಳಿದ್ದೆನೆಂದರೆ ನನ್ನ ತಂಗಿ "ಏಳನೇದು ಯಾವಾಗ?" ಅಂತ ಕೇಳಲು ಶುರುಮಾಡಿದ್ದಳು.

ಭಾನುವಾರ ಬೆಳಿಗ್ಗೆ ಹೋದೆ. ಕಂಪ್ಯೂಟರು ನಾಲ್ಕನೇ ಸಲಕ್ಕೆ ಎದ್ದಿತು. ಅದು ಮತ್ತೆ ಮಲಗುವ ಮುಂಚೆ ಅಂತ ದೊಡ್ಡಮ್ಮನ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿಕೊಂಡೆ. ದೊಡ್ಡಪ್ಪನ ಫೈಲನ್ನು ಎರಡು ಕಡೆ ಇಟ್ಟೆ. ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ದೊಡ್ಡಪ್ಪ ಕಂಪ್ಯೂಟರಿನ ಡಬ್ಬದ ಪಕ್ಕ ನಿಂತು, ಅದರ ಮೇಲೆ ಅಂಗೈ ಇಟ್ಟು, ತಲೆ ಓರೆ ಮಾಡಿ ಕೇಳಿಸಿಕೊಂಡರು. ಆಮೇಲೆ ಸ್ಲೇಟು ತೆಗೆದು ಬರೆದರು: "ಫ್ಯಾನ್ ಒಣಗಿದೆ."

"ಅದು ಬಸ್ಸಲ್ಲ ದೊಡ್ಡಪ್ಪ" ಅಂದೆ.

ಅವರು ನನ್ನ ಕಡೆ ನೋಡಲೂ ಇಲ್ಲ. ಸ್ಕ್ರೂಡ್ರೈವರ್ ತಂದು, ನನ್ನಿಂದ ಪ್ಲಗ್ ಕೀಳಿಸಿ, ಡಬ್ಬ ಬಿಚ್ಚಿದರು. ಒಳಗೆ ಹನ್ನೆರಡು ವರ್ಷದ ಧೂಳು ದಪ್ಪಗೆ ಕೂತಿತ್ತು. ಬಣ್ಣ ಹಚ್ಚುವ ಬ್ರಷ್ಷಿನಲ್ಲಿ ಅದನ್ನೆಲ್ಲ ಗುಡಿಸಿ, ಫ್ಯಾನಿನ ನಡುವಿನ ಸ್ಟಿಕ್ಕರ್ ಎತ್ತಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ಹನಿ ಬಿಟ್ಟರು. ಮತ್ತೆ ಶುರುಮಾಡಿದಾಗ ಇಷ್ಟು ವರ್ಷ ಆ ಕೋಣೆಯಲ್ಲಿದ್ದ ಗೊರಗೊರ ಸದ್ದು ನಿಂತೇಹೋಗಿತ್ತು. ದೊಡ್ಡಮ್ಮ ಅಡುಗೆಮನೆಯಿಂದ ಬಂದು "ಆಫ್ ಆಯ್ತಾ?" ಅಂತ ಕೇಳಿದಳು. ದೊಡ್ಡಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಹೊಸ ವ್ಯವಸ್ಥೆಯನ್ನು ಇನ್ನೊಂದು ಪೆನ್ ಡ್ರೈವಿನಲ್ಲಿ ತಂದಿದ್ದೆ. ಅದರ ಒಂದು ಒಳ್ಳೆಯ ಗುಣವೆಂದರೆ ಕಂಪ್ಯೂಟರಿನೊಳಗೆ ಇಳಿಸದೆಯೇ ಸುಮ್ಮನೆ ನಡೆಸಿ ನೋಡಬಹುದು. ನೋಡಿದೆವು. ಪರದೆ ಬಂತು, ಮೌಸ್ ಓಡಾಡಿತು, ಸ್ಪೀಕರಿನಲ್ಲಿ ಹಾಡು ಬಂತು, ಪ್ರಿಂಟರು ಕೂಡ ಮಾತು ಕೇಳಿತು. ಫೈಲೊಂದನ್ನು ತೆರೆದು ನೋಡಬೇಕಿತ್ತು. ಆರು ಕಂಪ್ಯೂಟರು ಮಾಡಿದವಳಿಗೆ ಅದು ಹೊಳೆಯಲಿಲ್ಲ. ಗತ್ತಿನಲ್ಲಿ ಇಳಿಸುವ ಗುಂಡಿ ಒತ್ತಿದೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕಲೇ ಅಂತ ಅದು ಕೇಳಿತು.

ಬೆನ್ನ ಹಿಂದೆ ನಿಂತಿದ್ದ ದೊಡ್ಡಮ್ಮ "ಎಲ್ಲಾನೂನಾ?" ಅಂದಳು.

"ಎಲ್ಲಾ ಪೆನ್ ಡ್ರೈವಲ್ಲಿದೆ ದೊಡ್ಡಮ್ಮ. ನೀನು ಆರಾಮಾಗಿರು."

"ನೀನು ಹೇಳಿದ್ಮೇಲೆ ಸರಿ" ಅಂತ ಅವಳು ಅಡುಗೆಮನೆಗೆ ಹೋದಳು. ನಾನು ಹೂಂ ಅಂತ ಒತ್ತಿದೆ. ಇಪ್ಪತ್ತು ನಿಮಿಷ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ದೊಡ್ಡಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಕಂಪ್ಯೂಟರು ಆರಿ ಹೊತ್ತಿಕೊಂಡಿತು. ದೊಡ್ಡಪ್ಪ ಕೈಗಡಿಯಾರ ನೋಡಿ ಲೆಕ್ಕ ಹಾಕಿದರು. ಸ್ಲೇಟಿನಲ್ಲಿ ಬರೆದದ್ದು: "41 ಸೆಕೆಂಡ್. ಭೇಷ್." ಅವರಿಂದ ಭೇಷ್ ಅನ್ನಿಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ನಾನು ಉಬ್ಬಿಹೋದೆ.

ಆಮೇಲೆ ಪೆನ್ ಡ್ರೈವಿನ ಫೈಲುಗಳನ್ನು ಒಳಗೆ ಹಾಕಿ, "ನೋಡಿ ದೊಡ್ಡಪ್ಪ, ನಿಮ್ಮದನ್ನೇ ಮೊದಲು ತೆಗೀತೀನಿ" ಅಂತ ಅದನ್ನು ತೆರೆದೆ.

ಪರದೆಯ ಮೇಲೆ ನಮ್ಮ ಅಕ್ಷರ ಒಂದೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಟೋಪಿ, ಚುಕ್ಕೆ. ನಡುನಡುವೆ ಪೌಂಡಿನ ಗುರುತು, ಜಪಾನಿನ ದುಡ್ಡು ಯೆನ್ನಿನ ಗುರುತು. ಯಾವುದೋ ಬೇರೆ ದೇಶದ ಬ್ಯಾಂಕಿನ ಕಾಗದ ಮಳೆಗೆ ಸಿಕ್ಕಂತಿತ್ತು. ಪುಟ ಕೆಳಗೆ ಸರಿಸಿದೆ. ನೂರ ಹನ್ನೆರಡು ಪುಟವೂ ಹಾಗೇ. ಎರಡನೇ ಕಡೆ ಇಟ್ಟಿದ್ದನ್ನು ತೆರೆದೆ, ಅದೂ ಹಾಗೇ. ಮೂಲ ಫೈಲು ಇದ್ದ ಡಿಸ್ಕನ್ನು ನಾನೇ ಈಗ ತಾನೇ ಒರೆಸಿಹಾಕಿದ್ದೆ. ಸಾಯುತ್ತಿದ್ದ ಯಂತ್ರದಿಂದ ನಕಲು ಮಾಡುವಾಗ ಫೈಲು ಕೆಟ್ಟುಹೋಗಿದೆ, ನಾನು ಒಂದು ಸಲವಾದರೂ ತೆರೆದು ನೋಡಲಿಲ್ಲ, ಇನ್ನು ಅದು ಎಲ್ಲಿಯೂ ಇಲ್ಲ: ನನಗೆ ಅನ್ನಿಸಿದ್ದು ಇಷ್ಟು.

ದೊಡ್ಡಪ್ಪ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ನನ್ನ ಮುಖ ನೋಡಿದರು. ಸ್ಲೇಟಿನಲ್ಲಿದ್ದ ಭೇಷ್ ಅನ್ನು ಅಂಗೈಯಿಂದ ಒರೆಸಿ ಬರೆದರು: "ಹೋಗ್ಲಿ ಬಿಡು." ನನ್ನ ಬೆನ್ನು ತಟ್ಟಿ, ಎದ್ದು, ಹೊರಗಿನ ಬಾಲ್ಕನಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬೆನ್ನು ತಟ್ಟಿದ್ದು ತಡೆಯಲಾಗಲಿಲ್ಲ. ಮೂವತ್ತಾರು ವರ್ಷದ ಹೆಂಗಸು, ಲೈಬ್ರರಿಯಲ್ಲಿ ನಾಲ್ಕು ಜನಕ್ಕೆ ಜೋರು ಮಾಡುವವಳು, ಮೂಗೊರೆಸಿಕೊಳ್ಳುತ್ತ ಅಳುತ್ತ ಕೂತೆ.

ದೊಡ್ಡಮ್ಮ ಸೌಟು ಹಿಡಿದುಕೊಂಡೇ ಬಂದಳು. "ಏನಾಯ್ತೇ?"

"ದೊಡ್ಡಪ್ಪನ ಫೈಲು ಹೋಯ್ತು ದೊಡ್ಡಮ್ಮ. ನಾನೇ ಹಾಳು ಮಾಡಿದೆ."

ಅವಳು ಸೌಟನ್ನು ಪ್ರಿಂಟರಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿ, ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿದಳು. ನಾನು ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಆಮೇಲೆ ಅವಳ ದನಿ, ಬೇಸರವಿಲ್ಲದ್ದು, ಆತುರವಿಲ್ಲದ್ದು:

"ಎಲ್ಲೇ ಹೋಗಿದೆ? ಇಲ್ಲೇ ಇದೆಯಲ್ಲ."

ನಾನು ತಲೆ ಎತ್ತಿದೆ.

"ಇದು ಯು. ಪಕ್ಕದಲ್ಲಿ ತಲೆ ಮೇಲೆ ಗೀಟಿರೋ ಎ. ಆಮೇಲೆ ಚಿಕ್ಕ ಆರ್. ಗಾಡಿ." ಬೆರಳಿಟ್ಟು ತೋರಿಸಿದಳು. "ಪಿ ಇದ್ರೆ ಕ. ಪೌಂಡಿನ ಗುರುತಿದ್ರೆ ಅದು ನ. ಯೆನ್ನಿನ ಗುರುತಿದ್ರೆ ಪ. ಅಷ್ಟೇ ಕಣೇ. ಅಕ್ಷರ ಬಟ್ಟೆ ಬಿಚ್ಚಿ ಕೂತಿದೆ, ಇನ್ನೇನಿಲ್ಲ."

"ನಿನಗೆ ಇದು ಓದೋಕೆ ಬರುತ್ತಾ?"

"ಬರದೆ ಏನು? ನಮ್ಮ ಕಚೇರಿಯಲ್ಲಿ ನನ್ನ ಕಂಪ್ಯೂಟರಿಗೆ ಮಾತ್ರ ನಮ್ಮ ಅಕ್ಷರ ಹಾಕಿಸಿದ್ರು. ಸಾಹೇಬರದರಲ್ಲಿ ತೆಗೆದ್ರೆ ಹೀಗೇ ಕಾಣ್ತಿತ್ತು. ಇದೇನಮ್ಮ ಇದು ಅಂತ ಕೂಗೋರು. ನಾನು ಹೋಗಿ ಪಕ್ಕದಲ್ಲಿ ನಿಂತು ಓದಿ ಹೇಳ್ತಿದ್ದೆ. ಹನ್ನೊಂದು ವರ್ಷ ಓದಿದ್ದೀನಿ."

"ಅವರ ಕಂಪ್ಯೂಟರಿಗೂ ಅಕ್ಷರ ಹಾಕಿಸಬಹುದಿತ್ತಲ್ಲ?"

"ಅದನ್ನ ಯೋಚನೆ ಮಾಡೋದು ಅವರ ಕೆಲಸ" ಅಂದಳು ದೊಡ್ಡಮ್ಮ.

ಆಗ ನನ್ನ ತಲೆಗೆ ಹೊಕ್ಕಿತು. ಆ ಕಾಲದಲ್ಲಿ ಟೈಪ್ ಮಾಡಿದ ಫೈಲುಗಳೊಳಗೆ ನಿಜಕ್ಕೂ ಇರುತ್ತಿದ್ದದ್ದು ಇಂಗ್ಲಿಷಿನ ಗುರುತುಗಳೇ. ಅವುಗಳ ಜಾಗದಲ್ಲಿ ನಮ್ಮ ಅಕ್ಷರದ ಆಕಾರ ಬಿಡಿಸಿ ತೋರಿಸುತ್ತಿದ್ದದ್ದು ಫಾಂಟ್ ಎಂಬ ಒಂದು ಸಣ್ಣ ಫೈಲು. ಅದು ಹಳೇ ವ್ಯವಸ್ಥೆಯ ಹೊಟ್ಟೆಯೊಳಗಿತ್ತು, ಅದನ್ನು ನಾನು ಒರೆಸಿದ್ದೆ. ದೊಡ್ಡಪ್ಪನ ಮಾತಿಗೆ ಏನೂ ಆಗಿರಲಿಲ್ಲ. ಅಳು ನಿಲ್ಲಲಿಲ್ಲ, ಆದರೆ ಈಗ ಅದು ಬೇರೆ ಅಳು.

ದೊಡ್ಡಮ್ಮ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತು ಓದಲು ಶುರುಮಾಡಿದ್ದಳು. ಏರಿಳಿತವಿಲ್ಲದ, ಕಚೇರಿಯ ದನಿ. ಆದರೆ ಮಾತು ಅವಳದ್ದಲ್ಲ.

"ಗಾಡಿ ಹತ್ರ ಹೋದ ತಕ್ಷಣ ಸ್ಪ್ಯಾನರ್ ತಗೋಬೇಡ. ಮೊದಲು ಸುಮ್ನೆ ನಿಂತ್ಕೋ. ಕೇಳು. ಎಲ್ಲಿ ನೋಯ್ತಿದೆ ಅಂತ ಗಾಡಿ ತಾನೇ ಹೇಳುತ್ತೆ. ಡ್ರೈವರ್ ಹೇಳೋದನ್ನ ನಂಬಬೇಡ, ಅವನು ಗಾಡಿ ಮೇಲೆ ಚಾಡಿ ಹೇಳ್ತಾನೆ. ಬರೀತಾ ಇದ್ದೀಯಾ? ಚಾಡಿ ಅನ್ನೋದನ್ನ ಬಿಟ್ಟುಬಿಡು. ಬಿಟ್ಯಾ? ಬಿಡಲ್ಲ ನೀನು, ಗೊತ್ತು ನಂಗೆ. ಟೀ ಆಯ್ತಾ?"

ನಾನು ಬೆಚ್ಚಿದೆ. ಅವಳು ಎಲ್ಲವನ್ನೂ ಟೈಪ್ ಮಾಡಿದ್ದಳು. ಎಂಜಿನ್ನಿನ ವಿಷಯ ಮಾತ್ರವಲ್ಲ, ನಡುವೆ ಅವರು ಆಡಿದ್ದೆಲ್ಲ. ಟೀ ಕೇಳಿದ್ದು, ಬಾಗಿಲು ಯಾರೋ ಬಡಿದಾಗ "ನೋಡು ಯಾರು" ಅಂದದ್ದು, ಕೆಮ್ಮು ಬಂದಾಗ "ತಾಳು" ಅಂದದ್ದು, ನನ್ನ ವಿಷಯ ಬಂದಾಗ "ಅವಳಿಗೆ ಬಾಯಿ ಜಾಸ್ತಿ, ನನ್ನ ಹಾಗೆ" ಅಂದದ್ದು ಕೂಡ. ಕೇಳೋದು, ಹೊಡೆಯೋದು. ದೊಡ್ಡಮ್ಮ ಪುಟ ಸರಿಸುತ್ತ ಹೋದಳು, ಪೌಂಡು ಯೆನ್ನುಗಳ ನಡುವಿನಿಂದ ದೊಡ್ಡಪ್ಪ ಮೊದಲಿನ ಹಾಗೆ ಮಾತಾಡುತ್ತ ಹೋದರು. ಎರಡು ವರ್ಷದಿಂದ ಆ ಮನೆಯಲ್ಲಿ ಕೇಳದಿದ್ದ ಮಾತು.

ಬಾಗಿಲ ಬಳಿ ನೆರಳು ಬಿದ್ದದ್ದು ನೋಡಿ ತಿರುಗಿದೆ. ದೊಡ್ಡಪ್ಪ ಬಾಲ್ಕನಿಯಿಂದ ಬಂದು ನಿಂತಿದ್ದರು. ಯಾವಾಗಿನಿಂದ ಕೇಳುತ್ತಿದ್ದರೋ. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರಿತ್ತು. ಅಳುತ್ತಿದ್ದಾರೆ ಅಂತ ನಾನು ಎದ್ದೆ. ಅಲ್ಲ, ನಗುತ್ತಿದ್ದರು. ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು.

"ಒಲೆ ಮೇಲೆ ಸಾರಿದೆ, ನೋಡ್ಕೊಳೇ" ಅಂದಳು ದೊಡ್ಡಮ್ಮ ನನಗೆ, ಪರದೆಯಿಂದ ಕಣ್ಣು ತೆಗೆಯದೆ. ಹೋಗಿ ನೋಡಿದೆ. ಸಾರು ತಳ ಹಿಡಿದಿತ್ತು. ಆ ಮಧ್ಯಾಹ್ನ ಅದನ್ನೇ ಮೂವರೂ ಉಂಡೆವು.

ಫಾಂಟ್ ಸಿಕ್ಕಿದ್ದು ನಮ್ಮ ಲೈಬ್ರರಿಯಲ್ಲೇ. ಅಲ್ಲಿನ ಹಳೇ ಪುಸ್ತಕಪಟ್ಟಿ ಮಾಡಿದ್ದೂ ಅದೇ ಅಕ್ಷರದಲ್ಲಿ. ಸೋಮವಾರ ಸಂಜೆ ಅದನ್ನೂ ಅದರಲ್ಲಿ ಟೈಪ್ ಮಾಡಲು ಬೇಕಾದ ಕೀಬೋರ್ಡ್ ವ್ಯವಸ್ಥೆಯನ್ನೂ ತಂದು ಹಾಕಿದೆ. ಫೈಲು ತೆರೆದರೆ ಅಕ್ಷರಗಳೆಲ್ಲ ಶಿಸ್ತಾಗಿ ಬಟ್ಟೆ ಹಾಕಿಕೊಂಡು ಬಂದವು. ಈ ಸಲ ಬಡಾಯಿ ಕೊಚ್ಚಲಿಲ್ಲ. ಮೂರು ಬೇರೆ ಬೇರೆ ಕಡೆ ನಕಲು ಇಟ್ಟು, ಮೂರನ್ನೂ ತೆರೆದು ನೋಡಿ, ಒಂದು ಪ್ರತಿ ಮುದ್ರಿಸಿದೆ. ಅಧ್ಯಾಯ ಮುಗಿಯದೆ ಮುದ್ರಿಸಬಾರದು ಅಂತಿದ್ದ ದೊಡ್ಡಮ್ಮ ತಾನೇ ಕಾಗದ ಜೋಡಿಸಿ ಕೊಟ್ಟಳು. ಪ್ರಿಂಟರಿನಿಂದ ಬೆಚ್ಚಗೆ ಬಂದ ಹಾಳೆಗಳನ್ನು ದೊಡ್ಡಪ್ಪ ತೊಡೆಯ ಮೇಲಿಟ್ಟುಕೊಂಡರು, ಆದರೆ ಓದಲಿಲ್ಲ. ಸ್ಲೇಟಿನಲ್ಲಿ ಬರೆದು ದೊಡ್ಡಮ್ಮನ ಮುಂದೆ ಹಿಡಿದರು: "ನೀನೇ ಓದು. ಕೊನೇದು."

ದೊಡ್ಡಮ್ಮ ಕೊನೆಯ ಪುಟಕ್ಕೆ ಹೋದಳು. ಶಸ್ತ್ರಚಿಕಿತ್ಸೆಯ ಹಿಂದಿನ ದಿನದ್ದು. ಓದಿದಳು.

"ಬ್ರೇಕ್ ವಿಷಯ ಹೇಳೋಕೆ ಒಂದು ದಿನ ಸಾಲಲ್ಲ. ವಾಪಸ್ ಬಂದ್ಮೇಲೆ ನೋಡೋಣ, ಬರೆದಾದ್ರೂ ಕೊಡ್ತೀನಿ. ಇವತ್ತಿಗೆ ನಿಲ್ಲಿಸು. ನಾಳೆಯಿಂದ ನೀನು ಮಾತಾಡು, ನಾನು ಕೇಳ್ತೀನಿ. ಇಷ್ಟು ವರ್ಷ ನಾನೇ ಮಾತಾಡಿದ್ದಾಯ್ತು. ನಿನ್ನ ಹೊಟ್ಟೇಲಿ ಎಷ್ಟು ಮಾತಿದೆಯೋ ಏನೋ, ನಾನು ಕೇಳಲೇ ಇಲ್ಲ. ಏಯ್, ಇದನ್ನೂ ಬರೆದ್ಯಾ?"

ಅಲ್ಲಿಗೆ ಫೈಲು ಮುಗಿದಿತ್ತು. ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಎರಡು ವರ್ಷದಿಂದ ಆ ಪ್ರಶ್ನೆ ಹಾಗೇ ನಿಂತಿತ್ತು. ಕರ್ಸರು ಅದರ ಮುಂದೆ ಮಿನುಗುತ್ತಿತ್ತು. ಅವಳು ಸಾಲು ಬಿಟ್ಟು ಕೆಳಗೆ ಬಂದಳು. ಅಕ್ಷರ ಸವೆದ ಆ ಕೀಗಳ ಮೇಲೆ ಬೆರಳಿಟ್ಟು ಸ್ವಲ್ಪ ತಡೆದಳು. ಯಾರೂ ಹೇಳಿ ಬರೆಸದೆ ಟೈಪ್ ಮಾಡಿ ಅವಳಿಗೆ ರೂಢಿಯಿರಲಿಲ್ಲ. ಆಮೇಲೆ ಹೊಡೆದಳು, ಒಂದೇ ಪದ.

"ಬರೆದೆ."

ದೊಡ್ಡಪ್ಪ ಅದನ್ನು ಓದಿದರು. ಸ್ಲೇಟನ್ನು ಒರೆಸಿ, ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಬರೆದು ಕೀಬೋರ್ಡಿನ ಪಕ್ಕ ಒರಗಿಸಿಟ್ಟರು: "ಮುಂದೆ ಹೇಳು." ತಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಎಂಜಿನ್ನಿನ ಮುಂದೆ ನಿಲ್ಲುತ್ತಿದ್ದ ಹಾಗೆ ತಲೆ ಓರೆ ಮಾಡಿ ಕೂತರು. ಫ್ಯಾನಿನ ಸದ್ದೂ ಇಲ್ಲದ ಆ ಕೋಣೆಯಲ್ಲಿ ಕೀಗಳು ಟಕಟಕ ಅನ್ನಲು ಶುರುವಾದವು, ಮೊದಲು ತಡೆದು ತಡೆದು, ಆಮೇಲೆ ಬಿಡದೆ. ಅವಳು ಏನು ಬರೆದಳೋ ನಾನು ನೋಡಲಿಲ್ಲ. ಟೀ ಇಡಲು ಅಡುಗೆಮನೆಗೆ ಹೋದೆ.